ಹೊರಸು ತಿರುಗುವಷ್ಟು ಜಾಗ

ಸಿರುಗುಪ್ಪದಲ್ಲಿ ನಾನು ಕಡಿಮೆಯೆಂದರೂ ನಲವತ್ತು ಸಲ ಹೆಣವಾಗಿದ್ದೇನೆ. ಹತ್ತಿಪ್ಪತ್ತು ಸಲ ಬಾಣಂತಿಯೂ ಆಗಿದ್ದೇನೆ. ಸಿವಿಲ್ ಡಿಪ್ಲೊಮಾ ಮಾಡಿದವನಿಗೆ ಇಂಥ ಹುದ್ದೆಗಳೂ ಸಿಗುತ್ತವೆ ಎಂದು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಎರಡನ್ನೂ ಕೊಟ್ಟವರು ನಮ್ಮ ಸಾಹೇಬರು. ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ನಾನು ಅವರ ಶಿಷ್ಯ ಎಂಬ ಅಪವಾದ ಅವರ ಮೇಲೆ ಕಾಯಂ ಆಗಿ ಕೂರುತ್ತದೆ. ಆ ಮನುಷ್ಯನಿಗೆ ನಾನು ಮಾಡಿದ್ದು ಈಗಾಗಲೇ ಸಾಕಷ್ಟಿದೆ.

ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವುದು, ಕಚೇರಿಯಲ್ಲಿ ಅದಕ್ಕೆ ಪರವಾನಗಿ ಆಗುವಂತೆ ನೋಡಿಕೊಳ್ಳುವುದು ಅವರ ಕೆಲಸ. ಗೌಂಡಿಯ ಮಗ. ಅಪ್ಪನ ಕೈಕೆಳಗೆ ಇಟ್ಟಿಗೆ ಹೊತ್ತು, ಅದರ ನಡುವೆಯೇ ಓದಿ, ಪೆನ್ಸಿಲ್ ಹಿಡಿದವರು. ಊರಿಗೆಲ್ಲ ‘ಪ್ಲಾನ್ ಸಾಹೇಬ್ರು’. ಬಿಳಿ ಟೋಪಿಯ ಅಂಚಿನಲ್ಲಿ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ನಮಾಜಿಗೆ ಹೋಗುವಾಗ ಮಾತ್ರ ಅದು ನನ್ನ ಕಿವಿಗೆ ವರ್ಗಾವಣೆಯಾಗುತ್ತಿತ್ತು.

ಯಾರೇ ಬಂದು ಪ್ಲಾನ್ ಬರೆದುಕೊಡಿ ಎಂದರೂ ಅವರು ಮೊದಲು ಕಾಗದ ಮುಟ್ಟುತ್ತಿರಲಿಲ್ಲ. ಸೀದಾ ಸೈಟಿಗೆ ಹೋಗುವುದು. ಮನೆಯ ಗೋಡೆ ಎಲ್ಲಿ ಬರುತ್ತದೋ ಅಲ್ಲಿ ಸುಣ್ಣದ ಪುಡಿಯ ಗೆರೆ. ಸೈಟಿನ ಅಂಚಿಗೆ ಇನ್ನೊಂದು ಗೆರೆ. ಎರಡರ ನಡುವೆ ಉಳಿಯುವ ಓಣಿಯೇ ಸೆಟ್‌ಬ್ಯಾಕ್, ಅಂದರೆ ಕಟ್ಟದೆ ಬಿಡಬೇಕಾದ ಜಾಗ. ಆಮೇಲೆ ಗೌಂಡಿ ಹುಲಿಗೆಪ್ಪ ತಲೆಯ ಮೇಲೆ ಹೊತ್ತು ತಂದ ನವಾರದ ಹೊರಸು ಕೆಳಗಿಳಿಯುತ್ತಿತ್ತು. ಎರಡಡಿ ಚಿಲ್ಲರೆ ಅಗಲದ ಬಡಕಲು ಮಂಚ. ಅದರ ಮೇಲೆ ನಾನು, ನನಗಿಂತ ಬಡಕಲು. ಮುಂದೆ ಹುಲಿಗೆಪ್ಪ, ಹಿಂದೆ ಮನೆ ಕಟ್ಟಿಸುವ ಮಾಲೀಕನೇ. ಸುಣ್ಣದ ಗೆರೆ ತುಳಿಯದೆ ನನ್ನನ್ನು ಹಿತ್ತಲಿನಿಂದ ಬೀದಿಗೆ ತರಬೇಕು. ಮೂಲೆಯಲ್ಲಿ ಹೊರಸು ತಿರುಗಿದರೆ ಪ್ಲಾನ್ ಬರೆಯುತ್ತಿದ್ದರು. ಗೆರೆ ತುಳಿದರೆ ಮನೆ ಸಣ್ಣದಾಗುತ್ತಿತ್ತು. ಮತ್ತೆ ಸುಣ್ಣ, ಮತ್ತೆ ಹೊರಸು, ಮತ್ತೆ ನಾನು.

“ಕಣ್ಣು ಮುಚ್ಚಲೇ. ಹೆಣ ಹಲ್ಲು ಕಿಸಿಯಂಗಿಲ್ಲ.”

“ಈಗ ಬಾಣಂತಿ ಅಂದಿದ್ರಲ್ರಿ ಸಾಹೇಬ್ರ?”

“ಅದು ಆ ಕಡಿ ಮೂಲ್ಯಾಗ. ಈ ಕಡಿ ಮೂಲ್ಯಾಗ ಸತ್ತಿದಿ.”

ಮಾಲೀಕರು ಬೆವರು ಒರೆಸುತ್ತ ಕೇಳುತ್ತಿದ್ದರು, ಟೇಪು ಹಿಡಿದು ಮೂರಡಿ ಅಂದರೆ ಮುಗಿಯಿತಲ್ಲ, ಇದೆಲ್ಲ ಯಾಕೆ ಎಂದು. ಸಾಹೇಬರ ಉತ್ತರ ಯಾವಾಗಲೂ ಒಂದೇ: “ಟೇಪಿನ್ಯಾಗಿನ ಮೂರಡಿ ನಾಳಿ ಮರ್ತು ಹೋಗತೈತಿ. ಹೆಗಲ ಮ್ಯಾಲೆ ಹೊತ್ತಿದ್ದು ಮರಿಯಂಗಿಲ್ಲ. ಬಾಣಂತಿ ಒಳಗ ಬರಬೇಕು, ಹೆಣ ಹೊರಗ ಹೋಗಬೇಕು. ನಡುವಿನದು ನಿಮ್ಮಿಷ್ಟ, ಹೆಂಗ ಬೇಕಾದ್ರೂ ಕಟ್ರಿ.”

ನಿಯಮಗಳ ಮೇಲೆ ಜನರಿಗಿರುವ ಸಿಟ್ಟನ್ನು ಅವರಷ್ಟು ತಾಳ್ಮೆಯಿಂದ ಕೇಳಿದವರನ್ನು ನಾನು ನೋಡಿಲ್ಲ. ಕೊಳಗಲ್ಲಿನ ರೈತರೊಬ್ಬರು ಸಿರುಗುಪ್ಪದಲ್ಲಿ ಮಗಳಿಗೆಂದು ಸೈಟು ತೆಗೆದುಕೊಂಡಿದ್ದರು. ಕುರ್ಚಿಯಲ್ಲಿ ಕೂರಲೂ ಒಲ್ಲದೆ ನಿಂತೇ ಗುಡುಗಿದರು.

“ನಂದು ಜಾಗ, ನಂದು ಇಟ್ಟಂಗಿ, ನಂದು ಸಿಮೆಂಟು. ನಡುವ ಇವರ್ಯಾರ್ರಿ ಇಷ್ಟು ಬಿಡು, ಅಷ್ಟು ಬಿಡು ಅನ್ನಾಕ?”

“ಹೊಲದಾಗ ಬದು ಬಿಡ್ತೀರಲ್ರಿ ಗೌಡ್ರ?”

“ಬಿಡಬೇಕಲ್ರಿ. ಬಿಡಲಿಲ್ಲಂದ್ರ ಬಾಜೂ ಹೊಲದವ ಸುಮ್ನಿರ್ತಾನೇನು?”

“ಇದೂ ಬದುವ. ನಿಮ್ಮ ಸೆಟ್‌ಬ್ಯಾಕು ನಿಮ್ದಲ್ರಿ, ಬಾಜೂ ಮನೀದು. ಅವರು ಬಿಟ್ಟಿದ್ದು ನಿಮ್ದು. ನಿಮ್ಮ ಕಿಡಕಿಗೆ ಬೆಳಕು ಬರೋದು ಅವರ ಜಾಗದಿಂದ.”

ಗೌಡರು ಕುರ್ಚಿ ಎಳೆದುಕೊಂಡು ಕುಳಿತರು. ಮರುದಿನ ನನ್ನ ಹೊರಸಿಗೆ ಹೆಗಲನ್ನೂ ಕೊಟ್ಟರು. ಹಿತ್ತಲ ಮೂಲೆಯಲ್ಲಿ ನನ್ನನ್ನು ಕೆಳಗೆ ಬೀಳಿಸಿದ್ದೂ ಅವರೇ.

ನಿಮ್ಮ ಸೆಟ್‌ಬ್ಯಾಕು ನಿಮ್ಮದಲ್ಲ, ಬಾಜೂ ಮನೆಯದು. ಈ ಮಾತನ್ನು ನಾನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೆನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಒಪ್ಪಿಸುತ್ತಿದ್ದೆ. ನನಗೆ ತಿಳಿದಿರಲಿಲ್ಲ ಎಂದು ಮುಂದೆ ನಾನು ಹೇಳುವಂತಿಲ್ಲ. ಅದಕ್ಕೇ ಈಗಲೇ ಬರೆದಿಡುತ್ತಿದ್ದೇನೆ.

ಕುರುಗೋಡಿನಿಂದ ಬಂದು ಅವರ ಹತ್ತಿರ ಕೆಲಸಕ್ಕೆ ಸೇರಿದಾಗ ನನ್ನ ಪ್ರತಿಭೆ ಉಕ್ಕಿ ಹರಿಯುತ್ತಿತ್ತು. ನಾನು ಬರೆದ ಮೊದಲ ಮನೆಯಲ್ಲಿ ಬಚ್ಚಲಿಗೆ ಬಾಗಿಲೇ ಇರಲಿಲ್ಲ. ಸಾಹೇಬರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು. “ಇದರಾಗ ಸ್ನಾನ ಮಾಡೋರು ಒಳಗ ಹುಟ್ಟಬೇಕೇನಲೇ?” ಎಂದರು. ಎರಡನೆಯ ಮನೆಯಲ್ಲಿ ಮೆಟ್ಟಿಲುಗಳನ್ನು ಬಹಳ ಚೆಂದ ಬರೆದಿದ್ದೆ. ಹತ್ತಿದವನು ಸೀದಾ ನೀರಿನ ಟ್ಯಾಂಕಿನೊಳಗೆ ಇಳಿಯುತ್ತಿದ್ದ. ಮೂರನೆಯದರಲ್ಲಿ ಉತ್ತರ ದಿಕ್ಕಿನ ಬಾಣವನ್ನು ತಲೆಕೆಳಗು ಮಾಡಿ, ದೇವರ ಕೋಣೆ ಬೇಕಾದ ಮೂಲೆಗೆ ಪಾಯಖಾನೆ ತಂದಿದ್ದೆ. ಆ ಮನೆಯ ಯಜಮಾನಿ ನನ್ನನ್ನು ಬೈದ ಭಾಷೆ ಅರ್ಧ ಕನ್ನಡ, ಅರ್ಧ ತೆಲುಗು. ಎರಡರಲ್ಲೂ ನಾನು ಕತ್ತೆಯೇ ಆಗಿದ್ದೆ.

ಸಾಹೇಬರು ಬೈಯಲಿಲ್ಲ. ನನ್ನ ಕೈಯಿಂದ ರಬ್ಬರು ಕಿತ್ತುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. “ಸೈಟಿನ್ಯಾಗ ಇದು ಕೆಲಸ ಮಾಡಂಗಿಲ್ಲ ಬೇಟಾ. ಇಲ್ಲೂ ಇದು ಇಲ್ಲಂತ ತಿಳ್ಕೊಂಡು ಬರಿ.” ಅದಾದ ಮೇಲೆ ಎರಡು ವರ್ಷ ಅವರ ಮೇಜಿನಲ್ಲಿ ರಬ್ಬರಿಲ್ಲದೆ ಬರೆದೆ. ಕೈ ನೆಟ್ಟಗಾಯಿತು. ಬುದ್ಧಿಯ ವಿಷಯ ಬೇರೆ.

ಆ ಮೇಜಿನ ಬಗ್ಗೆ ಹೇಳಬೇಕು. ಅವರ ಕಚೇರಿ ಎಂದರೆ ಅವರ ಮನೆಯ ಹೊರಕೋಣೆಯೇ. ಮೂಡಣ ಗೋಡೆಗೆ ಒಂದು ದೊಡ್ಡ ಕಿಟಕಿ, ಅದರ ಕೆಳಗೆ ಮೇಜು. ಕಿಟಕಿಯಾಚೆ ಅವರೇ ಬಿಟ್ಟ ಮೂರಡಿ ಓಣಿ, ಅದರಾಚೆ ಯಾರದೋ ಖಾಲಿ ಸೈಟು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಬಿಸಿಲು ಕಾಗದದ ಮೇಲೆ ಬಿದ್ದಿರುತ್ತಿತ್ತು. ಅಷ್ಟೇ ಹೊತ್ತು ಅವರು ಬರೆಯುತ್ತಿದ್ದರು. ಹನ್ನೊಂದಕ್ಕೆ ಪೆನ್ಸಿಲ್ ಟೋಪಿಗೇರುತ್ತಿತ್ತು, ಸವಾರಿ ಸೈಟಿಗೆ ಹೊರಡುತ್ತಿತ್ತು. ಆ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್ ಇತ್ತು. ಹಗಲಲ್ಲಿ ಅದು ಉರಿದದ್ದನ್ನು ನಾನು ನೋಡಿರಲಿಲ್ಲ. ಮೋಡ ಕವಿದ ದಿನವೊಮ್ಮೆ ಹಾಕಲು ಹೋದೆ. “ಬ್ಯಾಡ. ಲೈಟಿನ ಬೆಳಕಿನ್ಯಾಗ ಗೆರಿ ಸುಳ್ಳು ಹೇಳ್ತಾವ” ಎಂದರು. ಅವತ್ತು ಕೆಲಸಕ್ಕೆ ರಜೆ. ಅವರ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದೆ, ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಮಾಡಿ ಕೊಟ್ಟರು. ಮೂವರೂ ಮೋಡ ಸರಿಯುವುದನ್ನು ಕಾಯುತ್ತ ತಿಂದೆವು.

ಮೂರನೆಯ ವರ್ಷ ನನಗೆ ಸ್ವಂತ ಲೈಸೆನ್ಸ್ ನಂಬರು ಬಂತು. ಅಂದರೆ, ಪ್ಲಾನಿಗೆ ನಾನೇ ಸಹಿ ಹಾಕಬಹುದು. ಮೊದಲ ಕಾಗದದ ಮೇಲೆ ಆ ನಂಬರು ಬರೆಯುವಾಗ ಸಾಹೇಬರು ಪಕ್ಕದಲ್ಲಿ ನಿಂತಿದ್ದರು. ಚಾಚಿಯನ್ನು ಕರೆದು ತೋರಿಸಿದರು. ಓದಲು ಬಾರದ ಚಾಚಿ ಅದರ ಮೇಲೆ ಕೈಯಾಡಿಸಿದರು. ಒಂದೇ ತಿಂಗಳಲ್ಲಿ ನಾನು ಬಳ್ಳಾರಿಗೆ ಹಾರಿದೆ. ಒಂದು ಕಂಪ್ಯೂಟರು, ತಿರುಗುವ ಕುರ್ಚಿ, ಬಾಗಿಲಿಗಿಂತ ದೊಡ್ಡ ಬೋರ್ಡು. ಗಿರಾಕಿಗಳು ಮಾತ್ರ ಇರಲಿಲ್ಲ. ಕುರ್ಚಿಯಲ್ಲಿ ತಿರುಗಿ ತಿರುಗಿ ನನಗೆ ತಲೆಸುತ್ತು ಬಂತು.

ಆಗ ಬಂದವರು ಸಿರುಗುಪ್ಪದ ಅಕ್ಕಿ ವ್ಯಾಪಾರಿಯೊಬ್ಬರು, ಶಾವುಕಾರ್ರು. ಮೂರಂತಸ್ತಿನ ಮನೆ ಬೇಕು, ಪಕ್ಕದಲ್ಲಿ ಹೊರಮೆಟ್ಟಿಲು ಬೇಕು, ಮೇಲಿನದನ್ನು ಬಾಡಿಗೆಗೆ ಕೊಡಬೇಕು. ಅವರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟರೆ ಹೊರಮೆಟ್ಟಿಲಿಗೆ ಜಾಗವಿಲ್ಲ.

“ನಿಮ್ಮೂರಾಗ ಪ್ಲಾನ್ ಸಾಹೇಬ್ರು ಅದಾರಲ್ರಿ?” ಎಂದೆ.

“ಅವರ ಕಡಿ ಹೋದ್ರ ಹೊರಸು ಹೊರಸ್ತಾರ್ರಿ ಸರ” ಎಂದು ನಕ್ಕರು. ನಾನೂ ನಕ್ಕೆ. ‘ಸರ’ ಎಂದು ನನ್ನನ್ನು ಕರೆದ ಮೊದಲ ಮನುಷ್ಯ ಅವರು. ಆ ಎರಡಕ್ಷರಕ್ಕೆ ನಾನು ಏನು ಬೇಕಾದರೂ ಬರೆದುಕೊಡುತ್ತಿದ್ದೆ. ಕೊನೆಗೆ ಹೇಳಿದೆ: “ಕಾಗದದಾಗ ಮೂರಡಿ ತೋರಸೋಣ್ರಿ. ಕಟ್ಟೋವಾಗ ನೀವು ನೋಡ್ಕೊಳ್ರಿ.”

ಪ್ಲಾನಿನಲ್ಲಿ ಚಕ್ಕುಬಂದಿ ಬರೆಯಬೇಕು, ಸೈಟಿನ ನಾಲ್ಕು ದಿಕ್ಕಿಗೆ ಯಾರ ಆಸ್ತಿ ಇದೆ ಎಂದು. ಶಾವುಕಾರ್ರು ಕಾಗದ ನೋಡಿ ಓದುತ್ತ ಹೋದರು, ನಾನು ಕಂಪ್ಯೂಟರಿನಲ್ಲಿ ಒತ್ತುತ್ತ ಹೋದೆ. ಪೂರ್ವಕ್ಕೆ ಯಾರೋ. ಉತ್ತರಕ್ಕೆ ರಸ್ತೆ. ದಕ್ಷಿಣಕ್ಕೆ ಯಾರೋ. ಪಶ್ಚಿಮಕ್ಕೆ ಎಂದು ಅವರು ಓದಿದ್ದು ನಮ್ಮ ಸಾಹೇಬರ ಹೆಸರು.

ನನ್ನ ಬೆರಳು ನಿಂತಿತು. ಎಷ್ಟು ಹೊತ್ತು ನಿಂತಿತ್ತು ಎಂದರೆ, ಶಾವುಕಾರ್ರು “ಕರೆಂಟ್ ಹೋತೇನ್ರಿ ಸರ?” ಎಂದು ಕೇಳುವಷ್ಟು ಹೊತ್ತು. ಮತ್ತೆ ‘ಸರ’. ಸಾಹೇಬರ ಹೆಸರನ್ನು ಅಕ್ಷರ ತಪ್ಪದೆ ಒತ್ತಿದೆ. ಜನ್ಮದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಮೊದಲ ಪ್ಲಾನ್ ಅದು. ಬಚ್ಚಲಿಗೆ ಬಾಗಿಲಿತ್ತು, ಉತ್ತರ ಉತ್ತರಕ್ಕೇ ಇತ್ತು, ಪಶ್ಚಿಮಕ್ಕೆ ಮೂರಡಿ ಜಾಗ ಬೆಳ್ಳಗೆ ಬಿಟ್ಟಿತ್ತು. ಪರವಾನಗಿ ಒಂದೂ ಆಕ್ಷೇಪವಿಲ್ಲದೆ ಬಂತು.

ಆರೇಳು ತಿಂಗಳ ಮೇಲೆ ಹುಲಿಗೆಪ್ಪ ಫೋನ್ ಮಾಡಿದ. ಆ ಮನೆಯ ಗೌಂಡಿಯೂ ಅವನೇ ಎಂದು ನನಗೆ ಆಗಲೇ ತಿಳಿದದ್ದು.

“ಅಣ್ಣಾ, ಗ್ವಾಡಿ ಅಂಚಿಗೇ ಬಂದೈತಿ. ಒಂದು ಗೇಣು ಬಿಟ್ಟಾರ ಅಷ್ಟ. ಶಾವುಕಾರ್ರು ಕಟ್ಟಂದ್ರು, ಕಟ್ಟಿದೆ. ನಿನ್ನಿ ಸಾಹೇಬ್ರು ಬಂದು ಪ್ಲಾನ್ ಕೇಳಿದ್ರು. ಕೊಟ್ಟೆ.”

“ಏನಂದ್ರು?”

“ಕೆಳಗ ನಿನ್ನ ಸಹಿ ನೋಡಿದ್ರು. ಮಡಚಿ ಕೊಟ್ಟು ಹೋದ್ರು.”

ಅದಾದ ಮೇಲೆ, ಆಚೆಯ ಊರುಗಳಿಗೆ ಓಡಾಡುವಾಗ ನಾನು ಸಿರುಗುಪ್ಪವನ್ನು ದಾಟಿದ ರೀತಿಯನ್ನು ನೋಡಿದ್ದರೆ ನೀವು ನನ್ನನ್ನು ಪೊಲೀಸರಿಗೆ ಹಿಡಿದುಕೊಡುತ್ತಿದ್ದಿರಿ. ಬಸ್ಸು ಸ್ಟ್ಯಾಂಡಿಗೆ ಬಂದರೆ ಕಾಲ ಬಳಿ ಏನೋ ಬಿದ್ದಿದೆ ಎಂಬಂತೆ ಸೀಟಿನ ಕೆಳಗೆ ಬಗ್ಗುತ್ತಿದ್ದೆ. ಒಮ್ಮೆ ಹೀಗೆ ಬಗ್ಗಿದಾಗ ಪಕ್ಕದ ಅಜ್ಜಿ ನನಗೆ ಹೊಟ್ಟೆನೋವೆಂದು ತಿಳಿದು ಅಜವಾನ ತಿನ್ನಿಸಿದಳು. ಬಳ್ಳಾರಿಯವರೆಗೆ ಮೂರು ಸಲ. ಅವಳ ಸಮಾಧಾನಕ್ಕೆ ನರಳಿದೆ ಕೂಡ.

ಹೀಗೆ ಐದು ತಿಂಗಳು ಬಗ್ಗಿದ ಮೇಲೆ ಚಾಚಿಯ ಫೋನ್ ಬಂತು. ಸಾಹೇಬರಿಗೆ ಆರಾಮಿಲ್ಲ, ಎದೆಯಲ್ಲಿ ಕಫ, ನಿನ್ನನ್ನು ಕೇಳುತ್ತಿದ್ದಾರೆ ಎಂದರು. ಹೋದೆ. ದಾರಿಯುದ್ದಕ್ಕೂ ಹತ್ತು ತಮಾಷೆ ಜೋಡಿಸಿಕೊಂಡೆ. ನನ್ನ ಹತ್ತಿರ ಇರುವ ಔಷಧ ಅದೊಂದೇ.

ಬೆಳಗಿನ ಒಂಬತ್ತು ಗಂಟೆ. ಹೊರಗೆ ಬಿಸಿಲು ಚುರುಗುಡುತ್ತಿತ್ತು. ಕೋಣೆಯೊಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಮೇಜು ಅಲ್ಲೇ ಇತ್ತು. ಕಿಟಕಿ ತೆರೆದೇ ಇತ್ತು. ಅದರಾಚೆ ಮೂರಡಿಗೆ ಸಿಮೆಂಟಿನ ಹಸಿ ಗೋಡೆ, ತಲೆ ಎತ್ತಿದಷ್ಟೂ ಗೋಡೆ. ಸಾಹೇಬರು ಹೊರಸಿನ ಮೇಲೆ ದಿಂಬಿಗೊರಗಿದ್ದರು. ನನ್ನ ಹೊರಸು.

“ಏನ್ರಿ ಸಾಹೇಬ್ರ, ನನ್ನ ಕುರ್ಚಿ ನೀವು ಹಿಡದೀರಿ? ಹೆಣ ಆಗೋದು ನನ್ನ ಡ್ಯೂಟಿ ಅಲ್ಲೇನ್ರಿ?” ಎಂದೆ. ಚಾಚಿ ಒಳಗೆ ಹೋದರು. ಸಾಹೇಬರು ನನ್ನನ್ನು ನೋಡುತ್ತಲೇ ಇದ್ದರು. ನಾನು ಅಜ್ಜಿಯ ಅಜವಾನದ ಕಥೆಗೆ ಕೈ ಹಾಕಿದೆ.

“ಲೇ” ಎಂದರು. “ಇವತ್ತು ನಗಸಬ್ಯಾಡ.”

ನನ್ನ ಹತ್ತಿರ ಬೇರೇನೂ ಇರಲಿಲ್ಲ.

“ಪ್ಲಾನ್ ನೋಡಿದೆ. ಚಲೋ ಬರದಿ. ಗೆರಿ ಸ್ವಚ್ಛ ಅದಾವು.” ಕೆಮ್ಮಿದರು. “ಕಾಗದದ ಮ್ಯಾಲೆ ನನ್ನ ಕಿಡಕಿಗೆ ಬೆಳಕು ಬರತೈತಿ.”

“ಸಾಹೇಬ್ರ, ಅರ್ಜಿ ಹಾಕ್ರಿ. ಪ್ಲಾನಿನಂಗ ಕಟ್ಟಿಲ್ಲಂತ ಬರದುಕೊಡ್ರಿ. ಇನ್ನೂ ಮ್ಯಾಲಿನ ಅಂತಸ್ತು ಆಗಿಲ್ಲ, ನಿಲ್ಲಸಬಹುದು.”

“ಹಾಕಿದ್ರ ಮೊದಲ ಯಾರನ್ನ ಕೇಳ್ತಾರ? ಪ್ಲಾನಿನ ಕೆಳಗ ಯಾರ ನಂಬರೈತಿ?” ದಿಂಬು ಸರಿಮಾಡಿಕೊಂಡರು. “ನಿನ್ನ ನಂಬರು ಬಂದಿದ್ದ ಮೊನ್ನಿ. ಅದನ್ನ ಕಳ್ಯಾಕ ನಾನ ಅರ್ಜಿ ಬರೀಲೇನು?”

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು: ನೀವು ಬೇಡ, ನಾನೇ ಬರೆಯುತ್ತೇನೆ. ಆ ಮಾತು ನಾಲಗೆಯ ತನಕ ಬಂತು. ಬೋರ್ಡು ನೆನಪಾಯಿತು, ತಿರುಗುವ ಕುರ್ಚಿ ನೆನಪಾಯಿತು, ‘ಸರ’ ನೆನಪಾಯಿತು. ನುಂಗಿದೆ. ಅವರು ಅದನ್ನು ನೋಡಿದರು. ಜೀವಮಾನವಿಡೀ ಅಳತೆ ಮಾಡಿದವರು. ನನ್ನ ಗಂಟಲಲ್ಲಿ ಮಾತು ಎಲ್ಲಿಗೆ ಬಂದು ಎಲ್ಲಿಗೆ ತಿರುಗಿತು ಎಂಬುದು ಅವರಿಗೆ ಕಾಣದಿರಲು ಸಾಧ್ಯವಿಲ್ಲ.

“ಚಾ ಕುಡದು ಹೋಗು” ಎಂದು ಕಣ್ಣು ಮುಚ್ಚಿಕೊಂಡರು.

ಎರಡು ತಿಂಗಳಿಗೆ ಸಾಹೇಬರು ತೀರಿಕೊಂಡರು. ಆ ಹೊತ್ತಿಗೆ ಮೂರನೆಯ ಅಂತಸ್ತೂ ಎದ್ದಿತ್ತು.

ಮಣ್ಣಿಗೆ ಹೋದೆ. ಅವರು ಬಿಟ್ಟಿದ್ದ ಆ ಮೂರಡಿ ಓಣಿಯಲ್ಲಿ ಪರದೆ ಕಟ್ಟಿ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಿದರು. ಜನಾಜಾವನ್ನು ಅಲ್ಲಿಂದ ಎತ್ತುವಾಗ ಮುಂದೆ ಅವರ ಅಣ್ಣನ ಮಗ, ಹಿಂದೆ ನಾನು. ಇಬ್ಬರಿಗೇ ಜಾಗವಿದ್ದದ್ದು. ಎಡಕ್ಕೆ ಅವರ ಕಿಟಕಿ, ಬಲಕ್ಕೆ ನನ್ನ ಗೋಡೆ. ಮೂಲೆಗೆ ಬಂದೆವು. ಎಲ್ಲೂ ತಾಗದೆ, ನಿಲ್ಲದೆ, ಒಂದೇ ಸಲಕ್ಕೆ ತಿರುಗಿತು. ಅವರ ಮನೆಯಲ್ಲಿ ತಿರುಗದೇ ಇರುತ್ತದೆಯೇ? ಬೀದಿಗೆ ಬಂದ ಮೇಲೆ ಹತ್ತು ಹೆಗಲು ಸೇರಿದವು. ನನ್ನ ಹೆಗಲು ತಪ್ಪಿತು. ತಪ್ಪಿದ್ದು ಒಳ್ಳೆಯದೇ ಆಯಿತು.

ಮೂರು ವಾರಕ್ಕೆ ಶಾವುಕಾರ್ರ ಫೋನ್. ಮನೆ ಮುಗಿದಿದೆ, ಪ್ಲಾನಿನಂತೆಯೇ ಕಟ್ಟಿದೆ ಎಂದು ನಾನು ಒಂದು ಸಹಿ ಹಾಕಿದರೆ ಕಂಪ್ಲೀಷನ್ ಸರ್ಟಿಫಿಕೇಟಿಗೆ ಅರ್ಜಿ ಕೊಡುತ್ತಾರಂತೆ. ಸಿರುಗುಪ್ಪಕ್ಕೆ ಹೋದೆ. ಈ ಸಲ ಬಸ್ಸಿನಲ್ಲಿ ಬಗ್ಗಲಿಲ್ಲ. ಮೊದಲು ಚಾಚಿಯ ಮನೆಗೆ ಹೋಗಿ ಹೊರಸು ಕೇಳಿದೆ. “ಒಯ್ಯಿ. ಇಲ್ಲಿ ಅದರ ಮ್ಯಾಲೆ ಮಲಗೋರು ಯಾರದಾರ?” ಎಂದರು. ಹುಲಿಗೆಪ್ಪನನ್ನು ಕರೆಸಿದೆ.

ಶಾವುಕಾರ್ರು ಗಾಬರಿಯಾದರು. “ಹೊರಸ್ಯಾಕ್ರಿ ಸರ?”

“ಅಳತೀಗ್ರಿ. ಪ್ಲಾನಿನ ಪ್ರಕಾರ ಪಶ್ಚಿಮಕ್ಕ ಮೂರಡಿ ಐತಿ. ನಾನು ಮಲಗ್ತೀನಿ, ನೀವು ಹಿಂದ ಹಿಡೀರಿ.”

“ಮಂದಿ ನೋಡ್ತಾರ್ರಿ.”

“ನೋಡ್ಲಿ.”

ಮಲಗಿದೆ. ಎತ್ತಿದರು. ಹಿತ್ತಲಿನಿಂದ ಪಶ್ಚಿಮದ ಮೂಲೆಗೆ ಬಂದದ್ದೇ ತಡ, ಹೊರಸಿನ ಮುಂಗಾಲು ಮೆಟ್ಟಿಲಿನ ಗೋಡೆಗೆ ಬಡಿಯಿತು. ಆ ಒಂದು ಗೇಣಿನಲ್ಲಿ ಹುಲಿಗೆಪ್ಪನೇ ಹೋಗುವಂತಿರಲಿಲ್ಲ, ಹೊರಸು ಎಲ್ಲಿಂದ? ಅವನು ವಾಲಿದ, ಶಾವುಕಾರ್ರು ಬಿಟ್ಟರು, ನಾನು ಉರುಳಿದೆ. ತಲೆ ಗೋಡೆಗೆ ಬಡಿದು ಬೋರೆಕಾಯಿಯಷ್ಟು ಬುಗುಟಿ ಎದ್ದಿತು. ನಲವತ್ತು ಸಲದ ಅನುಭವಿ ಹೆಣ, ಹೀಗೆ ಬಿದ್ದಿರಲಿಲ್ಲ.

“ತಿರಗಂಗಿಲ್ರಿ” ಎಂದೆ, ಬಿದ್ದಲ್ಲಿಂದಲೇ. “ನಾನು ಸಹಿ ಹಾಕಂಗಿಲ್ಲ.”

ಶಾವುಕಾರ್ರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು. ನಿಜವಾಗಿ ಆಶ್ಚರ್ಯಪಟ್ಟು ಕೇಳಿದರು: “ಕಟ್ಟೋವಾಗ ನೋಡ್ಕೊಳ್ರಿ ಅಂದವ್ರು ನೀವ ಅಲ್ಲೇನ್ರಿ? ನೀವು ಬ್ಯಾಡಂದಿದ್ರ ನಾನು ಕಟ್ತಿದ್ದೆನೇನು? ನನಗೇನು ಕಾಯ್ದೆ ಗೊತ್ತೈತಿ?”

“ನಾನ ಅಂದಿದ್ದೆ” ಎಂದೆ. ಹುಲಿಗೆಪ್ಪ ಹೊರಸನ್ನು ಎತ್ತಿ ಮಣ್ಣು ಜಾಡಿಸುತ್ತಿದ್ದ. ಈ ಮಾತಿಗೆ ಅವನೂ ತಿರುಗಿ ನೋಡಿದ.

ಅವತ್ತೇ ಪರವಾನಗಿ ಕೊಟ್ಟ ಕಚೇರಿಗೆ ಬರೆದುಕೊಟ್ಟೆ. ಕಟ್ಟಡ ಪ್ಲಾನಿನಂತಿಲ್ಲ, ಪಶ್ಚಿಮಕ್ಕೆ ಬಿಡಬೇಕಾದ ಜಾಗ ಬಿಟ್ಟಿಲ್ಲ, ಹೀಗೆ ಕಟ್ಟಬಹುದು ಎಂದು ಸೂಚಿಸಿದವನು ನಾನೇ. ಕೆಳಗೆ ನನ್ನ ಸಹಿ, ನನ್ನ ನಂಬರು. ರಬ್ಬರಿಲ್ಲದೆ ಬರೆದೆ. ಅದರಿಂದ ಏನಾಗುತ್ತದೆ ಎಂದು ಇನ್ನೂ ಗೊತ್ತಿಲ್ಲ. ನನಗೊಂದು ನೋಟಿಸು ಬಂದಿದೆ, ಶಾವುಕಾರ್ರಿಗೊಂದು. ನನ್ನ ನಂಬರು ಉಳಿಯುತ್ತದೋ ಇಲ್ಲವೋ ಎಂದು ಮನೆಯಲ್ಲಿ ಅವ್ವ ದಿನಾ ಕೇಳುತ್ತಾಳೆ. ಶಾವುಕಾರ್ರ ಮನೆಯಲ್ಲಂತೂ ಒಕ್ಕಲಾಗಿದೆ, ಹೋಳಿಗೆ ಊಟವಾಗಿದೆ, ಮೇಲೆ ಬಾಡಿಗೆಯವರು ಬಂದಿದ್ದಾರೆ. ಅವರ ಮಕ್ಕಳು ಆ ಮೆಟ್ಟಿಲುಗಳ ಮೇಲೆ ದಡದಡ ಓಡಾಡುತ್ತಾರೆ. ಆ ಸದ್ದು ಸಾಹೇಬರ ಕೋಣೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ. ಹೊಗಳಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಎರಡನೆಯ ಅಂತಸ್ತು ಇದ್ದಾಗ ಬರೆಯಬೇಕಾದ ಕಾಗದವನ್ನು ಮೂರನೆಯದು ಮುಗಿದು, ಮನುಷ್ಯನೂ ಮುಗಿದ ಮೇಲೆ ಬರೆದವನು ನಾನು.

ಮೊನ್ನೆ ಹೊರಸು ವಾಪಸು ಕೊಡಲು ಹೋಗಿದ್ದೆ. ಬೆಳಗಿನ ಒಂಬತ್ತು ಗಂಟೆ. ಚಾಚಿ ಒಳಗೆ ಚಹಾಕ್ಕೆ ಇಟ್ಟಿದ್ದರು. ಹೊರಕೋಣೆಯಲ್ಲಿ ಮಬ್ಬು. ಮೇಜಿನ ಮೇಲೆ ಸಾಹೇಬರ ಟೋಪಿ, ಅದರ ಅಂಚಿನಲ್ಲಿ ಪೆನ್ಸಿಲ್ ಇದ್ದ ಹಾಗೇ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಕಿಟಕಿಯ ಹತ್ತಿರ ಹೋಗಿ ತಲೆ ಹೊರಹಾಕಿ ಮೇಲೆ ನೋಡಿದೆ. ಎತ್ತರದಲ್ಲಿ ಒಂದು ಪಟ್ಟಿ ಆಕಾಶವಿತ್ತು. ಅವರು ಬಿಟ್ಟಷ್ಟು ಅಗಲದ್ದು.

“ಕತ್ತಲ್ಯಾಗ ಯಾಕ ನಿಂತಿಯಲೇ?” ಚಾಚಿ ಒಳಗಿನಿಂದಲೇ ಕೂಗಿದರು. “ಲೈಟ್ ಹಾಕ್ಕೋ. ಸ್ವಿಚ್ ಎಲ್ಲೈತಿ ಅಂತ ನಿನಗ ಗೊತ್ತೈತಲ್ಲ.”

ಗೊತ್ತಿತ್ತು. ತಡಕಾಡದೆ ಹಾಕಿದೆ.